ಹೂ ಹಿಡಿದು ನಿಂತವಳ ಹೆಸರು ಲೋರ್

ಪೋಸ್ಟ್ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಕಳೆದ ತಿಂಗಳು ನಮ್ಮ ಹುಡುಗ ಹುಡುಗಿಯರಿಗೆ ಒಂದು ಅಧ್ಯಯನ ಶಿಬಿರ ಇಟ್ಟುಕೊಂಡಿದ್ವಿ. ವಿಷಯ ಲಿಂಗತ್ವ ಮತ್ತು ಲೈಂಗಿಕತೆ. ಯುರೋಪಿನ ಚಿತ್ರಕಲೆಯಲ್ಲಿ ಹೆಣ್ಣಿನ ದೇಹವನ್ನು ಹೇಗೆ ನೋಡಿದ್ದಾರೆ ಅನ್ನೋ ಭಾಗ ನನ್ನ ಪಾಲಿಗೆ ಬಂದಿತ್ತು. ಪ್ರೊಜೆಕ್ಟರ್ ಹಾಕಿ ಎಡ್ವಾರ್ಡ್ ಮಾನೆಯ 'ಒಲಿಂಪಿಯಾ' ಚಿತ್ರ ತೋರಿಸಿದೆ. ಹಾಸಿಗೆ ಮೇಲೆ ಬೆತ್ತಲೆ ಒರಗಿರುವ ಬಿಳಿ ಹೆಣ್ಣು, ಅವಳ ನೋಟ, ಅವಳ ಕೈ, ಗಂಡಸಿನ ಕಣ್ಣು, ಮಾರುಕಟ್ಟೆ, ಬಂಡವಾಳ ಅಂತ ನಲವತ್ತು ನಿಮಿಷ ಮಾತಾಡಿದೆ. ಚೆನ್ನಾಗೇ ಮಾತಾಡಿದೆ ಅಂದ್ಕೊಂಡೆ.

ಹಿಂದಿನ ಸಾಲಲ್ಲಿ ಕೂತಿದ್ದ ಒಬ್ಬ ಹುಡುಗಿ ಕೈ ಎತ್ತಿದಳು. "ಅಣ್ಣ, ಹಿಂದೆ ಹೂ ಹಿಡ್ಕೊಂಡು ನಿಂತವ್ರಲ್ಲ, ಆ ಅಕ್ಕ ಯಾರು?"

"ಕೆಲಸದವಳು" ಅಂದೆ. ಆಮೇಲೆ ನಾಲಿಗೆ ಕಚ್ಚಿಕೊಂಡೆ.

ಆ ಹುಡುಗಿಯ ಅವ್ವ ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸ ಮಾಡೋರು. ಅವಳು ಹೇಳಿದ್ದು ಇಷ್ಟೆ: "ನಮ್ಮವ್ವ ಕೆಲಸ ಮಾಡೋ ಮನೇಲಿ ಬರ್ತ್‌ಡೇ ಫೋಟೋ ತೆಗೆದಿದ್ರು ಅಣ್ಣ. ಅದ್ರಲ್ಲಿ ಅವ್ವನ ಕೈ ಮಾತ್ರ ಇದೆ. ಕೇಕಿನ ತಟ್ಟೆ ಹಿಡಿದಿರೋ ಕೈ."

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮನೆಗೆ ಬಂದು ಓದೋಕೆ ಶುರು ಮಾಡಿದೆ. ಓದಿದ್ದನ್ನ ಇಲ್ಲಿ ಬರೀತಿದ್ದೀನಿ.

ಮೊದಲು ಚಿತ್ರದ ಕತೆ. ಮಾನೆ ಇದನ್ನು ಬರೆದದ್ದು 1863ರಲ್ಲಿ, ಪ್ಯಾರಿಸ್‌ನಲ್ಲಿ. ಜನರ ಮುಂದೆ ಬಂದದ್ದು 1865ರ ಸಲೋನ್‌ನಲ್ಲಿ. ಸಲೋನ್ ಅಂದ್ರೆ ಕಟಿಂಗ್ ಶಾಪ್ ಅಲ್ಲ, ಸರ್ಕಾರದ ಬೆಂಬಲದಲ್ಲಿ ನಡೀತಿದ್ದ ದೊಡ್ಡ ಚಿತ್ರಪ್ರದರ್ಶನ. ಅಲ್ಲಿ ಜಾಗ ಸಿಕ್ಕರೆ ಕಲಾವಿದ ಬದುಕಿದ, ಸಿಗದಿದ್ದರೆ ಸತ್ತ ಅನ್ನೋ ಕಾಲ. ಒಲಿಂಪಿಯಾ ನೋಡಿ ಜನ ರೊಚ್ಚಿಗೆದ್ದರು. ಚಿತ್ರಕ್ಕೆ ಏನಾದರೂ ಮಾಡಿಬಿಟ್ಟಾರು ಅಂತ ಇಬ್ಬರು ಕಾವಲಿನವರನ್ನು ನಿಲ್ಲಿಸಬೇಕಾಯ್ತು. ಕೊನೆಗೆ ಕೈಗೆ ಎಟುಕದ ಹಾಗೆ ಬಾಗಿಲ ಮೇಲಿನ ಎತ್ತರಕ್ಕೆ ಏರಿಸಿ ನೇತುಹಾಕಿದರು. ಪತ್ರಿಕೆಯವರು ಆ ಹೆಣ್ಣನ್ನು ಹೆಣಕ್ಕೆ ಹೋಲಿಸಿದರು. ಒಬ್ಬ ವಿಮರ್ಶಕನಂತೂ ಹೆಣ್ಣು ಗೊರಿಲ್ಲಾ ಅಂದುಬಿಟ್ಟ.

ಇಷ್ಟೊಂದು ಸಿಟ್ಟು ಯಾಕೆ? ಬೆತ್ತಲೆ ಅಂತಲಾ? ಅಲ್ಲ. ಅದಕ್ಕೆ ಎರಡು ವರ್ಷ ಹಿಂದೆ, 1863ರಲ್ಲಿ, ಇದೇ ಸಲೋನ್‌ನಲ್ಲಿ ಕಬಾನೆಲ್ ಅನ್ನೋ ಕಲಾವಿದ 'ವೀನಸ್‌ಳ ಜನನ' ಅಂತ ಒಂದು ಚಿತ್ರ ಇಟ್ಟಿದ್ದ. ಅದರಲ್ಲೂ ಪೂರ್ತಿ ಬೆತ್ತಲೆ ಹೆಣ್ಣೇ. ಅಲೆಗಳ ಮೇಲೆ ಮೈಚಾಚಿ, ಕಣ್ಣು ಅರೆಮುಚ್ಚಿ ಮಲಗಿದ್ದಾಳೆ. ಜನ ವಾಹ್ ಅಂದರು. ಚಕ್ರವರ್ತಿ ಮೂರನೇ ನೆಪೋಲಿಯನ್ ಅದನ್ನು ಸ್ವತಃ ಕೊಂಡುಕೊಂಡ. ಪುರಾಣದ ಹೆಸರಿಟ್ಟು, ಕಣ್ಣು ಮುಚ್ಚಿಸಿ, ತಿರುಗಿ ನೋಡದ ಹಾಗೆ ಮಾಡಿದರೆ ಹೆಣ್ಣಿನ ಬೆತ್ತಲೆ ಮೈ ಉನ್ನತ ಕಲೆ ಆಗುತ್ತೆ. ಗಂಡಸು ಹೆಂಡತಿ ಮಕ್ಕಳ ಜೊತೆ ನಿಂತು ನಾಚಿಕೆ ಇಲ್ಲದೆ ನೋಡಬಹುದು.

ದೇವರ ಹೆಸರು ಹೇಳಿ ಹೆಣ್ಣಿನ ಮೈಯನ್ನು ಊರ ಸೊತ್ತು ಮಾಡೋ ವಿದ್ಯೆ ನಮಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಕರ್ನಾಟಕದಲ್ಲಿ ದೇವದಾಸಿ ಬಿಡೋದನ್ನು ನಿಷೇಧಿಸೋ ಕಾನೂನು ಬಂದದ್ದೇ 1982ರಲ್ಲಿ. ಯಾವ ಕೇರಿಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುತ್ತಿದ್ದರು ಅಂತ ಇಲ್ಲಿ ಓದ್ತಿರೋ ಎಲ್ಲರಿಗೂ ಗೊತ್ತು. ಪ್ಯಾರಿಸ್ಸಿನ ಕತೆ ಬೇರೆ, ನಮ್ಮದು ಬೇರೆ, ಎರಡನ್ನೂ ಒಂದೇ ಅನ್ನೋಕೆ ಹೋಗಲ್ಲ. ಆದರೆ ವೀನಸ್ ಅನ್ನೋ ಹೆಸರು ಅಲ್ಲಿ ಏನು ಕೆಲಸ ಮಾಡ್ತಿತ್ತು ಅನ್ನೋದು ನಮಗೆ ಬೇಗ ಅರ್ಥ ಆಗುತ್ತೆ.

ಮಾನೆ ಆ ಹೆಸರನ್ನು ಕಿತ್ತು ಹಾಕಿದ. ಇಟಲಿಯ ಟಿಷಿಯನ್ 1538ರಲ್ಲಿ ಬರೆದ 'ಉರ್ಬಿನೋದ ವೀನಸ್' ಚಿತ್ರದ ಭಂಗಿಯನ್ನೇ ತಗೊಂಡ. ಟಿಷಿಯನ್‌ನ ಹಾಸಿಗೆ ಮೇಲೆ ಮಲಗಿದ್ದ ನಾಯಿಮರಿ ಜಾಗಕ್ಕೆ ಬಾಲ ಎತ್ತಿ ನಿಂತ ಕರಿ ಬೆಕ್ಕು ಬಂತು. ದೇವತೆಯ ಜಾಗಕ್ಕೆ ಪ್ಯಾರಿಸ್ಸಿನ ಲೈಂಗಿಕ ಕಾರ್ಯಕರ್ತೆ ಬಂದಳು. ಒಲಿಂಪಿಯಾ ಅನ್ನೋದು ಆಗ ಆ ವೃತ್ತಿಯವರು ಇಟ್ಟುಕೊಳ್ಳುತ್ತಿದ್ದ ಹೆಸರುಗಳಲ್ಲೊಂದು. ಕೊರಳಿಗೆ ಕರಿ ರಿಬ್ಬನ್, ತಲೆಯಲ್ಲಿ ಹೂ, ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಜಾರಿದೆ. ಅವಳು ನಾಚಲ್ಲ, ಕರೆಯೋದೂ ಇಲ್ಲ. ನೇರ ನೋಡುತ್ತಾಳೆ. ಗಿರಾಕಿ ಕಳಿಸಿದ ಹೂಗುಚ್ಛ ಬಂದಿದೆ. ಹಾಗಾದ್ರೆ ಗಿರಾಕಿ ಎಲ್ಲಿ? ಚಿತ್ರದ ಮುಂದೆ ನಿಂತು ನೋಡ್ತಿದ್ದಾನಲ್ಲ, ಅವನೇ. ಸೂಟುಬೂಟಿನ ಮರ್ಯಾದಸ್ಥರಿಗೆ ಉರಿದದ್ದು ಅದಕ್ಕೇ.

ಆ ಪ್ಯಾರಿಸ್ಸಿನಲ್ಲಿ ಈ ವೃತ್ತಿಯ ಹೆಂಗಸರು ಪೊಲೀಸರ ಹತ್ರ ಹೆಸರು ನೋಂದಾಯಿಸಬೇಕಿತ್ತು, ಕಡ್ಡಾಯವಾಗಿ ವೈದ್ಯಕೀಯ ಪರೀಕ್ಷೆ ಮಾಡಿಸಿಕೊಳ್ಳಬೇಕಿತ್ತು. ಗಿರಾಕಿಗೆ ನೋಂದಣಿಯೂ ಇಲ್ಲ, ಪರೀಕ್ಷೆಯೂ ಇಲ್ಲ. ರೋಗ ಹೆಣ್ಣಿಂದ ಮಾತ್ರ ಹರಡುತ್ತೆ ಅನ್ನೋ ಲೆಕ್ಕ.

ಇಲ್ಲಿವರೆಗಿನದ್ದು ನಾನು ಶಿಬಿರದಲ್ಲಿ ಹೇಳಿದ್ದೇ. ಹೇಳದೆ ಬಿಟ್ಟಿದ್ದು ಈಗ.

ಆ ಚಿತ್ರದಲ್ಲಿ ಇಬ್ಬರು ಹೆಂಗಸರಿದ್ದಾರೆ. ಇಬ್ಬರೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಚಿತ್ರದ ಜಾಗ ತಗೊಂಡಿದ್ದಾರೆ. ಎರಡನೆಯವಳು ಕಪ್ಪು ಮಹಿಳೆ. ಮಾನೆಯ ಪುಟ್ಟ ನೋಟ್‌ಬುಕ್ ಒಂದು ನ್ಯೂಯಾರ್ಕಿನ ಮಾರ್ಗನ್ ಲೈಬ್ರರಿಯಲ್ಲಿದೆ. ಅದರಲ್ಲಿ ಅವಳ ಹೆಸರು ಬರೆದುಕೊಂಡಿದ್ದಾನೆ: ಲೋರ್. ತುಂಬ ಚೆಲುವೆಯಾದ ಕಪ್ಪು ಹೆಂಗಸು ಅನ್ನೋ ಅರ್ಥದ ಮಾತು, ಜೊತೆಗೆ ವಿಳಾಸ: ವಿಂಟಿಮಿಲ್ ಬೀದಿ, ಮನೆ ನಂಬರ್ 11, ಮೂರನೇ ಮಹಡಿ. ಮನೆತನದ ಹೆಸರಿಲ್ಲ.

ಫ್ರೆಂಚ್ ವಸಾಹತುಗಳಲ್ಲಿ ಗುಲಾಮಗಿರಿ ಕೊನೆಗೂ ರದ್ದಾದದ್ದು 1848ರಲ್ಲಿ. ಅಂದ್ರೆ ಲೋರ್ ಮಾನೆಯ ಸ್ಟುಡಿಯೋಗೆ ಬಂದಾಗ ಅದಕ್ಕೆ ಹದಿನೈದೇ ವರ್ಷ. ಅವಳು ಬಂದದ್ದು ಕೂಲಿಗೆ. ಮಾಡೆಲ್ ಆಗಿ ನಿಂತು ದುಡ್ಡು ತಗೊಂಡು ಹೋಗುವ ಕೆಲಸಗಾರ್ತಿ. ಅದೇ ಕಾಲದ ಬೇರೆ ಚಿತ್ರಗಳಲ್ಲಿ ಕಪ್ಪು ಹೆಂಗಸರನ್ನು ಎದೆ ಬಿಚ್ಚಿಸಿ ಯಾವುದೋ ಸುಲ್ತಾನನ ಅಂತಃಪುರದಲ್ಲಿ ನಿಲ್ಲಿಸುತ್ತಿದ್ದರು. ಲೋರ್ ಮೈತುಂಬ ಯುರೋಪಿನ ಉಡುಪು ತೊಟ್ಟಿದ್ದಾಳೆ, ತಲೆಗೆ ವಸ್ತ್ರ ಕಟ್ಟಿದ್ದಾಳೆ, ಕಿವಿಯಲ್ಲಿ ಓಲೆ. ಪ್ಯಾರಿಸ್ಸಿನ ಬೀದಿಯಲ್ಲಿ ನಿಜವಾಗಿ ಕಾಣಬಹುದಾಗಿದ್ದ ಹೆಣ್ಣು. ಮಾನೆ ಅವಳನ್ನು ಇನ್ನೆರಡು ಸಲ ಬರೆದಿದ್ದಾನೆ. ಒಂದರಲ್ಲಿ ತ್ವಿಲ್ರಿ ಉದ್ಯಾನದಲ್ಲಿ ಶ್ರೀಮಂತರ ಮಕ್ಕಳನ್ನು ನೋಡಿಕೊಳ್ಳೋ ದಾದಿ, ಚಿತ್ರದ ಅಂಚಿನಲ್ಲಿ. ಇನ್ನೊಂದರಲ್ಲಿ ಅವಳ ಮುಖ ಮಾತ್ರ, ಅವಳೊಬ್ಬಳೇ. ಅದು ಈಗ ಇಟಲಿಯ ಟ್ಯೂರಿನ್‌ನಲ್ಲಿದೆ.

ಮಾನೆ ದೊಡ್ಡ ಮನುಷ್ಯ ಅಂತ ಹೇಳ್ತಿಲ್ಲ. ಹದಿನಾರನೇ ವಯಸ್ಸಲ್ಲಿ ಹಡಗು ಹತ್ತಿ ಬ್ರೆಜಿಲ್‌ನ ರಿಯೋಗೆ ಹೋಗಿದ್ದ, ಅಲ್ಲಿ ಗುಲಾಮರ ಸಂತೆ ನೋಡಿ ಅಸಹ್ಯಪಟ್ಟು ಮನೆಗೆ ಕಾಗದ ಬರೆದಿದ್ದ. ಆದರೂ ಅವನ ಚಿತ್ರದಲ್ಲಿ ಲೋರ್ ಕೆಲಸದವಳೇ. ಅವಳ ಕಣ್ಣು ಬಿಳಿ ಹೆಣ್ಣಿನ ಕಡೆ. ನಮ್ಮ ಕಡೆ ನೋಡೋ ಹಕ್ಕು ಮಲಗಿದವಳಿಗೆ ಮಾತ್ರ.

ಈಗ ತಮಾಷೆ ನೋಡಿ. 1867ರಲ್ಲಿ ಎಮಿಲ್ ಜೋಲಾ, ಹೌದು, ಕಾದಂಬರಿಕಾರ ಜೋಲಾನೇ, ಗಣಿ ಕಾರ್ಮಿಕರ ಬಗ್ಗೆ ಬರೆದ ಪ್ರಗತಿಪರ, ಮಾನೆಯನ್ನು ಸಮರ್ಥಿಸಿ ಒಂದು ಪುಸ್ತಿಕೆ ಬರೆದ. ಅವನ ವಾದದ ತಿರುಳು ಇದು: ಕಲಾವಿದನಿಗೆ ಬೆತ್ತಲೆ ಹೆಣ್ಣು ಬೇಕಿತ್ತು, ಒಬ್ಬಳನ್ನು ತಂದ. ಬೆಳಕಿನ ಬಣ್ಣ ಬೇಕಿತ್ತು, ಹೂಗುಚ್ಛ ತಂದ. ಮೂಲೆಯಲ್ಲಿ ಕಪ್ಪು ಬಣ್ಣ ಬೇಕಿತ್ತು, ಒಬ್ಬ ಕಪ್ಪು ಹೆಂಗಸನ್ನೂ ಒಂದು ಬೆಕ್ಕನ್ನೂ ತಂದ.

ಹೆಂಗಸೂ ಬೆಕ್ಕೂ ಒಂದೇ ಲೆಕ್ಕ. ವಿರೋಧಿಗಳು ಬೈದರು, ಅದು ಇರಲಿ. ನಮ್ಮ ಪರ ನಿಂತವನೂ ಅವಳನ್ನು ಕಪ್ಪು ಬಣ್ಣದ ಚುಕ್ಕೆ ಮಾಡಿದ.

ಇದು ಜೋಲಾ ಒಬ್ಬನ ಕತೆ ಅಲ್ಲ. ನೂರು ವರ್ಷ ದಾಟಿದ ಮೇಲೆ, 1985ರಲ್ಲಿ, ಟಿ.ಜೆ. ಕ್ಲಾರ್ಕ್ ಅನ್ನೋ ಮಾರ್ಕ್ಸ್‌ವಾದಿ ಕಲಾ ಇತಿಹಾಸಕಾರ ಈ ಚಿತ್ರದ ಬಗ್ಗೆ ಉದ್ದನೆಯ ಅಧ್ಯಾಯ ಬರೆದ. ವರ್ಗ, ದುಡ್ಡು, ಲೈಂಗಿಕತೆ ಎಲ್ಲ ಇದೆ. ಆಮೇಲಿನ ಆವೃತ್ತಿಯ ಮುನ್ನುಡಿಯಲ್ಲಿ ಅವನೇ ಒಪ್ಪಿಕೊಂಡ: ಹಾಸಿಗೆ ಮೇಲಿನ ಬಿಳಿ ಹೆಣ್ಣಿನ ಬಗ್ಗೆ ಐವತ್ತು ಪುಟಕ್ಕಿಂತ ಹೆಚ್ಚು ಬರೆದಿದ್ದೀಯ, ಪಕ್ಕದಲ್ಲಿ ನಿಂತ ಕಪ್ಪು ಹೆಣ್ಣಿನ ಮಾತು ಎತ್ತಿರೋದೇ ಅಪರೂಪವಲ್ಲ ಮಾರಾಯ ಅಂತ ಸ್ನೇಹಿತರೊಬ್ಬರು ಹೇಳೋವರೆಗೂ ಹೊಳೆದಿರಲಿಲ್ಲ ಅಂತ. ನನ್ನ ನಲವತ್ತು ನಿಮಿಷ ನೆನಪಾಯ್ತು. ಒಪ್ಪಿಕೊಂಡ ಅನ್ನೋದಕ್ಕೆ ಅವನ ಮೇಲೆ ಗೌರವಾನೂ ಬಂತು.

ಹಾಗಂತ ಮಲಗಿದ್ದ ಬಿಳಿ ಹೆಣ್ಣಿಗೆ ನ್ಯಾಯ ಸಿಕ್ತಾ? ಅದೂ ಇಲ್ಲ. ಅವಳ ಹೆಸರು ವಿಕ್ಟೋರೀನ್ ಮ್ಯೂರಾಂ. 1844ರಲ್ಲಿ ಪ್ಯಾರಿಸ್ಸಿನ ಕುಶಲಕರ್ಮಿ ಕುಟುಂಬದಲ್ಲಿ ಹುಟ್ಟಿದವಳು. ಚಿತ್ರಕ್ಕೆ ಕೂತಾಗ ಹತ್ತೊಂಬತ್ತು ವರ್ಷ. ಅವಳು ಲೈಂಗಿಕ ಕಾರ್ಯಕರ್ತೆ ಅಲ್ಲ, ಮಾಡೆಲ್. ಆದರೆ ಪಾತ್ರವೇ ಅವಳ ಚರಿತ್ರೆ ಆಗಿಹೋಯ್ತು. ಕುಡಿದು ಕುಡಿದು ಬೀದಿಪಾಲಾಗಿ ಸತ್ತಳು ಅಂತ ದಶಕಗಳ ಕಾಲ ಬರೆದರು. ನಿಜ ಏನು ಗೊತ್ತಾ? ಅವಳು ಸ್ವತಃ ಚಿತ್ರಕಲಾವಿದೆಯಾದಳು. 1876ರ ಸಲೋನ್‌ನಲ್ಲಿ ಅವಳು ಬರೆದ ಸ್ವಂತ ಭಾವಚಿತ್ರಕ್ಕೆ ಜಾಗ ಸಿಕ್ತು. ಅದೇ ವರ್ಷ ಮಾನೆಯ ಚಿತ್ರಗಳನ್ನು ಆಯ್ಕೆ ಸಮಿತಿ ವಾಪಸ್ ಕಳಿಸಿತ್ತು! 1903ರಲ್ಲಿ ಫ್ರೆಂಚ್ ಕಲಾವಿದರ ಸಂಘದ ಸದಸ್ಯೆಯಾದಳು. ಕೊನೆಗಾಲದಲ್ಲಿ ಕೊಲೊಂಬ್ ಅನ್ನೋ ಊರಲ್ಲಿ ಮೇರಿ ಡುಫೂರ್ ಅನ್ನೋ ಹೆಂಗಸಿನ ಜೊತೆ ಒಂದೇ ಮನೆಯಲ್ಲಿ ವರ್ಷಾನುಗಟ್ಟಲೆ ಬಾಳಿ 1927ರಲ್ಲಿ ತೀರಿಕೊಂಡಳು, ಎಂಬತ್ತಮೂರನೇ ವಯಸ್ಸಲ್ಲಿ. ಅವರಿಬ್ಬರ ನಂಟಿಗೆ ನಾವು ಕೂತು ಹೆಸರು ಇಡೋದು ಬೇಡ. ಗಂಡಸಿನ ನೆರಳಿಲ್ಲದೆ ಇಬ್ಬರು ಹೆಂಗಸರು ಮನೆ ಕಟ್ಟಿಕೊಂಡಿದ್ದರು, ಅಷ್ಟು ಸಾಕು. ಮೇರಿ ಹೋದಮೇಲೆ ಆ ಮನೆಯ ಸಾಮಾನು ಬೆಂಕಿಗೆ ಹಾಕಿದ್ದು, ಅದರಲ್ಲಿ ಒಂದು ಪಿಟೀಲೂ ಇದ್ದದ್ದು ನೆರೆಯವರ ನೆನಪಲ್ಲಿ ಉಳಿದಿತ್ತು. ವಿಕ್ಟೋರೀನ್ ಬರೆದ ಚಿತ್ರಗಳಲ್ಲಿ ಇವತ್ತು ಸಿಗೋದು ಕೆಲವೇ ಕೆಲವು. ಆ ಸ್ವಂತ ಭಾವಚಿತ್ರವನ್ನು ಬೋಸ್ಟನ್ ಮ್ಯೂಸಿಯಂ ಕೊಂಡದ್ದು 2021ರಲ್ಲಿ.

ಅದೇ 1865ರಲ್ಲಿ ಇನ್ನೊಂದು ಘಟನೆ ಆಯ್ತು. ಪ್ರಾಣಿಗಳ ಚಿತ್ರಕ್ಕೆ ಹೆಸರಾದ ರೋಸಾ ಬೊನ್ಹರ್‌ಗೆ ಫ್ರಾನ್ಸಿನ ಅತಿ ದೊಡ್ಡ ಗೌರವ ಲೀಜನ್ ಆಫ್ ಆನರ್ ಸಿಕ್ಕಿತು. ಆ ಗೌರವ ಪಡೆದ ಮೊದಲ ಕಲಾವಿದೆ. ಕುದುರೆ ಸಂತೆಗೆ, ಕಸಾಯಿಖಾನೆಗೆ ಹೋಗಿ ಚಿತ್ರ ಬರೆಯೋಕೆ ಅವಳು ಪ್ಯಾಂಟು ಹಾಕ್ತಿದ್ದಳು, ಅದಕ್ಕೆ ಪೊಲೀಸರಿಂದ ಪರ್ಮಿಶನ್ ಪತ್ರ ತಗೋಬೇಕಿತ್ತು. ಹೆಂಗಸರು ಗಂಡಸರ ಬಟ್ಟೆ ತೊಡಬಾರದು ಅನ್ನೋ 1800ರ ಆಜ್ಞೆ ಅದು. ಈಗ ಅದಕ್ಕೆ ಬೆಲೆ ಇಲ್ಲ ಅಂತ ಫ್ರೆಂಚ್ ಸರ್ಕಾರ ಅಧಿಕೃತವಾಗಿ ಹೇಳಿದ್ದು 2013ರಲ್ಲಿ! ರೋಸಾ ತನ್ನ ಬದುಕನ್ನು ಹೆಣ್ಣು ಸಂಗಾತಿಗಳ ಜೊತೆಗೇ ಕಳೆದಳು, ಅವರ ಜೊತೆಗೇ ಮಣ್ಣಾದಳು. ಹೆಣ್ಣಿನ ಮೈ ಬೆತ್ತಲೆ ಆಗಿದ್ದರೆ ಗೋಡೆಗೆ, ಪ್ಯಾಂಟು ಹಾಕಿದರೆ ಪೊಲೀಸ್ ಠಾಣೆಗೆ.

ಆದರೆ ವಿಕ್ಟೋರೀನ್‌ಗೆ, ರೋಸಾಗೆ ಹುಡುಕಿಕೊಂಡು ಹೋದ ಸ್ತ್ರೀವಾದಿಗಳು ಸಿಕ್ಕರು. ಹುಟ್ಟಿದ ದಿನ, ಸತ್ತ ಊರು, ಸಂಗಾತಿಯ ಹೆಸರು ಸಿಕ್ಕಿತು. ಕಪ್ಪು ಹೆಂಗಸರಿಗೆ?

ಲಂಕೇಶ್ ಕನ್ನಡಕ್ಕೆ ತಂದ 'ಪಾಪದ ಹೂಗಳು' ನಮ್ಮಲ್ಲಿ ಹಲವರು ಓದಿದ್ದೀರಿ. ಆ ಬೋದಿಲೇರ್ ಮಾನೆಯ ಗೆಳೆಯ. 1857ರಲ್ಲಿ ಆ ಪುಸ್ತಕದ ಮೇಲೆ ಕೇಸು ಹಾಕಿ ಆರು ಕವಿತೆ ನಿಷೇಧಿಸಿದರು. ಹೆಣ್ಣು ಹೆಣ್ಣನ್ನು ಪ್ರೀತಿಸುವ ಕವಿತೆಗಳೂ ಅದರಲ್ಲಿದ್ದವು. ನಿಷೇಧ ತೆಗೆದದ್ದು 1949ರಲ್ಲಿ. ಅದು ಕವಿಯ ಸ್ವಾತಂತ್ರ್ಯದ ಕತೆ, ಎಲ್ಲರೂ ಹೇಳ್ತಾರೆ. ಆ ಕವಿತೆಗಳ ಹಿಂದೆ ಇದ್ದ ಜಾನ್ ಡುವಾಲ್ ಅನ್ನೋ ಮಿಶ್ರ ವರ್ಣದ ಹೆಂಗಸಿನ ಕತೆ ಯಾರು ಹೇಳ್ತಾರೆ? ಕೂರ್ಬೆ ಅನ್ನೋ ಕಲಾವಿದ 1855ರಲ್ಲಿ ತನ್ನ ಸ್ಟುಡಿಯೋದ ದೊಡ್ಡ ಚಿತ್ರ ಬರೆದಾಗ ಬೋದಿಲೇರ್ ಪಕ್ಕ ಅವಳನ್ನೂ ನಿಲ್ಲಿಸಿದ್ದ. ಕವಿ ಬೇಡ ಅಂದ ಅಂತ ಮೇಲೆ ಬಣ್ಣ ಬಳಿದು ಅಳಿಸಿಬಿಟ್ಟ. ವರ್ಷಗಳು ಕಳೆದು ಮೇಲಿನ ಬಣ್ಣ ಮಾಸಿತು. ಈಗ ಹತ್ತಿರ ನಿಂತು ನೋಡಿದರೆ ಕವಿಯ ಪಕ್ಕ ಅವಳ ನೆರಳು ಕಾಣುತ್ತೆ.

ಇನ್ನೊಬ್ಬಳು ಸಾರಾ ಬಾರ್ಟ್‌ಮನ್. ದಕ್ಷಿಣ ಆಫ್ರಿಕಾದ ಖೊಯ್ ಸಮುದಾಯದ ಹೆಣ್ಣು. 1810ರಲ್ಲಿ ಲಂಡನ್ನಿಗೆ, ಆಮೇಲೆ ಪ್ಯಾರಿಸ್ಸಿಗೆ ತಂದು, ಅವಳ ಮೈಯನ್ನು ಟಿಕೆಟ್ ಇಟ್ಟು ತೋರಿಸಿದರು. ಅವಳಿಗೂ ಒಂದು ವೀನಸ್ ಹೆಸರು ಅಂಟಿಸಿದ್ದರು, ಗೇಲಿಗೆ. 1815ರಲ್ಲಿ ಸತ್ತಳು. ವಿಜ್ಞಾನಿ ಕ್ಯೂವಿಯೇ ಅವಳ ದೇಹ ಕೊಯ್ದು, ಮೆದುಳು ಮತ್ತು ಜನನಾಂಗಗಳನ್ನು ಸೀಸೆಯಲ್ಲಿಟ್ಟ. ಅವಳ ಅವಶೇಷಗಳು 1970ರ ದಶಕದವರೆಗೂ ಪ್ಯಾರಿಸ್ ಮ್ಯೂಸಿಯಂನಲ್ಲಿ ಪ್ರದರ್ಶನದಲ್ಲಿದ್ದವು. ತಾಯ್ನೆಲದ ಮಣ್ಣು ಸಿಕ್ಕಿದ್ದು 2002ರಲ್ಲಿ. ಒಂದು ವೀನಸ್‌ಗೆ ಚಕ್ರವರ್ತಿ ದುಡ್ಡು ಕೊಟ್ಟ, ಇನ್ನೊಂದು ವೀನಸ್‌ಗೆ ಸೀಸೆ. ಲೋರ್ ಹೂ ಹಿಡಿದು ನಿಂತ ಪ್ಯಾರಿಸ್ ಇದೇ.

ಲೋರ್‌ಳನ್ನು ಯಾರು ಹುಡುಕಿದರು? ಕಪ್ಪು ಮಹಿಳೆಯರು. 1992ರಲ್ಲಿ ಕಲಾವಿದೆ ಲೊರೇನ್ ಓಗ್ರೇಡಿ 'ಒಲಿಂಪಿಯಾಳ ಕೆಲಸದವಳು' ಅನ್ನೋ ಅರ್ಥದ ತಲೆಬರಹದಲ್ಲೇ ಪ್ರಬಂಧ ಬರೆದರು. ಬಿಳಿ ಹೆಣ್ಣು 'ಹೆಣ್ಣು' ಅನಿಸಿಕೊಳ್ಳಬೇಕಾದರೆ ಪಕ್ಕದಲ್ಲಿ ಹೆಣ್ಣಲ್ಲದ ಹೆಣ್ಣೊಬ್ಬಳು ಬೇಕು, ಆ ಕೆಲಸ ಕಪ್ಪು ಹೆಣ್ಣಿನ ತಲೆ ಮೇಲೆ ಹೊರಿಸಿದ್ದಾರೆ ಅನ್ನೋದು ನಾನು ಅರ್ಥ ಮಾಡಿಕೊಂಡ ಅವರ ವಾದ. ಆಮೇಲೆ ಬಂದವರು ಡೆನಿಸ್ ಮುರೆಲ್. ವ್ಯಾಪಾರ, ಹಣಕಾಸಿನ ಉದ್ಯೋಗದಲ್ಲಿದ್ದವರು ಅದನ್ನು ಬಿಟ್ಟು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಲಾ ಇತಿಹಾಸ ಓದೋಕೆ ಸೇರಿದರು. ತರಗತಿಯಲ್ಲಿ ಒಲಿಂಪಿಯಾ ತೋರಿಸಿದಾಗ ಹಿಂದಿನ ಕಪ್ಪು ಹೆಣ್ಣಿನ ಬಗ್ಗೆ ಮಾತೇ ಬರಲಿಲ್ಲವಂತೆ. ಅದನ್ನೇ ಹಿಡಿದು ಪಿಎಚ್‌ಡಿ ಮಾಡಿದರು. 2018ರಲ್ಲಿ ಅದೇ ಕೊಲಂಬಿಯಾದ ಗ್ಯಾಲರಿಯಲ್ಲಿ ಪ್ರದರ್ಶನ ಮಾಡಿದರು. ಹೌದು, ನಮ್ಮ ಬಾಬಾಸಾಹೇಬರು 1913ರಿಂದ 1916ರವರೆಗೆ ಓದಿದ ಕೊಲಂಬಿಯಾವೇ. 1946ರಲ್ಲಿ ಬಾಬಾಸಾಹೇಬರು ಕಪ್ಪುಜನರ ನಾಯಕ ಡುಬಾಯ್ಸ್‌ಗೆ ಕಾಗದ ಬರೆದು, ನಿಮ್ಮ ಜನರ ಸ್ಥಿತಿಯನ್ನು ನಾನು ಓದಿ ತಿಳಿದವನು ಅಂದಿದ್ದರು. ನಾವೂ ಅವರನ್ನು ಓದೋದು ಹೊಸದೇನಲ್ಲ.

2019ರಲ್ಲಿ ಆ ಪ್ರದರ್ಶನ ಇನ್ನೂ ದೊಡ್ಡದಾಗಿ ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂಗೆ ಬಂತು. ಒಲಿಂಪಿಯಾ ಇರೋ ಮನೆ ಅದು. ಆ ಕೆಲವು ತಿಂಗಳು ಚಿತ್ರದ ಹೆಸರನ್ನು 'ಲೋರ್' ಅಂತ ಬದಲಿಸಿದರು. 1800ರಲ್ಲಿ ಬೆನ್ವಾ ಅನ್ನೋ ಬಿಳಿ ಕಲಾವಿದೆ ಬರೆದ, 'ಕಪ್ಪು ಹೆಂಗಸಿನ ಭಾವಚಿತ್ರ' ಅಂತ ಅವಮಾನದ ಪದದಲ್ಲೇ ಕರೆಯುತ್ತಿದ್ದ ಚಿತ್ರಕ್ಕೆ 'ಮ್ಯಾಡ್ಲೆನ್' ಅಂತ ಹೆಸರು ಬಂತು. ಅವಳು ಗ್ವಾಡಲೂಪ್ ದ್ವೀಪದಿಂದ ತಂದ ಮನೆಗೆಲಸದವಳು.

ಪ್ರದರ್ಶನ ಮುಗೀತು. ಮಾನೆಯ ಚಿತ್ರಕ್ಕೆ ಹಳೇ ಹೆಸರು ಮರಳಿತು.

ಈಗ ನಮ್ಮ ವಿಷಯ. ಲಿಂಗತ್ವ, ಲೈಂಗಿಕತೆ ಅಂದಾಗ ನಾವು ಯಾರ ಲೈಂಗಿಕತೆ ಬಗ್ಗೆ ಮಾತಾಡ್ತೀವಿ? ಹಾಸಿಗೆ ಮೇಲಿನವಳ ಸ್ವಾತಂತ್ರ್ಯ ಖಂಡಿತ ಬೇಕು. ಅವಳ ಹಾಸಿಗೆ ಹಾಸಿದವಳಿಗೂ ಮೈ ಇದೆ, ಆಸೆ ಇದೆ, ಇಷ್ಟ ಇಲ್ಲ ಅನ್ನೋ ಹಕ್ಕಿದೆ ಅನ್ನೋದು ಯಾವ ಶಿಬಿರದಲ್ಲಿ ಬರುತ್ತೆ? ಸವರ್ಣ ಸ್ತ್ರೀವಾದಕ್ಕೆ ಈ ಪ್ರಶ್ನೆ ಕೇಳ್ತಾ ಬಂದಿದ್ದೀವಿ, ಕೇಳ್ತಾನೇ ಇರ್ತೀವಿ. ಆದರೆ ಅವತ್ತು ಪ್ರೊಜೆಕ್ಟರ್ ಮುಂದೆ ನಿಂತು 'ಕೆಲಸದವಳು' ಅಂದವನು ಸವರ್ಣನಲ್ಲ. ನಾನು. ನೀಲಿ ಶಾಲು ಹೊದ್ದವನು.

ಮುಂದಿನ ಸಭೆಯಲ್ಲಿ ಆ ಹುಡುಗಿಗೆ ಹೇಳಿದೆ. "ಅವಳ ಹೆಸರು ಲೋರ್ ಕಣಮ್ಮ. ವಿಂಟಿಮಿಲ್ ಬೀದಿ, ಮನೆ ನಂಬರ್ 11, ಮೂರನೇ ಮಹಡಿ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಮನೆ ನಂಬರೂ ಗೊತ್ತಿತ್ತಲ್ಲ ಅಣ್ಣ. ಅಷ್ಟು ವರ್ಷ ಯಾರಾದ್ರೂ ಹೋಗಿ ಕೇಳಬಹುದಿತ್ತಲ್ಲ?"

ನನ್ನ ಹತ್ರ ಉತ್ತರ ಇರಲಿಲ್ಲ. ಮನೆಗೆ ಬಂದು ಹಳೇ ಟ್ರಂಕು ತೆಗೆದೆ. ಎಂಬತ್ತರ ದಶಕದ ಒಂದು ಜಾಥಾದ ಫೋಟೋ ಇದೆ. ಮುಂದೆ ಬ್ಯಾನರ್ ಹಿಡಿದ ಗಂಡಸರು, ಎಲ್ಲರ ಹೆಸರೂ ಹಿಂದೆ ಪೆನ್ನಲ್ಲಿ ಬರೆದಿದೆ. ಬಲಗಡೆ ಅಂಚಿನಲ್ಲಿ ಮೂವರು ಹೆಂಗಸರಿದ್ದಾರೆ. ಒಬ್ಬಾಕೆ ತಲೆ ಮೇಲೆ ಅನ್ನದ ಪಾತ್ರೆ. ಅವರ ಹೆಸರು ಬರೆದಿಲ್ಲ. ಈ ಭಾನುವಾರ ಆ ಊರಿಗೆ ಹೋಗ್ತಿದ್ದೀನಿ, ಕೇಳೋಕೆ. ಗೊತ್ತಿದ್ದವರು ಇನ್ನೂ ಬದುಕಿದ್ದಾರೆ.

ನಿಮ್ಮ ಮನೆಗಳಲ್ಲೂ ಇಂಥ ಫೋಟೋಗಳಿರುತ್ತೆ. ಹುಡುಕಿ. ಅಂಚಿನಲ್ಲಿ ನಿಂತವರು ಯಾರು ಅಂತ ಹಿರಿಯರನ್ನು ಕೇಳಿ, ಹಿಂದೆ ಪೆನ್ನಲ್ಲಿ ಬರೆದಿಡಿ. ಅವರ ಮನೆಯವರು ಒಪ್ಪಿದರೆ ಇಲ್ಲಿ ಕಾಮೆಂಟಿನಲ್ಲೂ ಹಾಕಿ.

ಜೈಭೀಮ್.